ಬೂಟಿನ ಬೆಲೆಯೂ ಬಾಳಿಕೆಯೂ

ವಿದ್ಯಾಭ್ಯಾಸವನ್ನು ಮುಗಿಸಿ ಉದ್ಯೋಗದ ಸಂದರ್ಶನಕ್ಕೆ ಹೊರಡುವ ತರುಣನು ತನ್ನ ಮೊದಲನೆಯ ಜೊತೆ ಚರ್ಮದ ಬೂಟುಗಳನ್ನು ಅನೇಕ ವೇಳೆ ಆಗಲೇ ಕೊಳ್ಳುತ್ತಾನೆ. ಅವನ ಕೈಯಲ್ಲಿರುವ ಹಣ ಮಿತವಾದುದು. ಬಹುಮಟ್ಟಿಗೆ ಅದು ತಂದೆತಾಯಿಗಳು ದುಡಿದು ಉಳಿಸಿದ ಹಣ. ಅಂಗಡಿಯಲ್ಲಿ ಸಾಲಾಗಿ ಇಟ್ಟಿರುವ ಬೂಟುಗಳೆಲ್ಲ ಒಂದೇ ರೀತಿಯಲ್ಲಿ ಹೊಳೆಯುತ್ತವೆ. ಆದರೆ ಒಂದರ ಬೆಲೆ ಮತ್ತೊಂದರ ಮೂರರಷ್ಟಿರುತ್ತದೆ. ಅಗ್ಗದ್ದನ್ನು ಕೊಂಡರೆ ಒಂದು ಮಳೆಗಾಲದೊಳಗೆ ಅದರ ಮೈ ಬಿರಿದು ಅಟ್ಟೆ ಬಾಯ್ದೆರೆಯಬಹುದು. ದುಬಾರಿಯಾದುದನ್ನು ಕೊಂಡರೆ ಹಣವೆಲ್ಲ ಹೆಸರಿಗೂ ಹೊಳಪಿಗೂ ಸಂದು, ಬಾಳಿಕೆ ಮಾತ್ರ ಅಷ್ಟಕ್ಕಷ್ಟೇ ಇರಬಹುದು. ಹೀಗಿರುವಾಗ ಆಯ್ಕೆ ಹೇಗೆ?

ಇದು ಕೇವಲ ಅಭಿರುಚಿಯ ಪ್ರಶ್ನೆಯಲ್ಲ. ಬೂಟಿನ ಬಾಳಿಕೆಯನ್ನು ನಿರ್ಧರಿಸುವ ಅಂಶಗಳು ಮುಖ್ಯವಾಗಿ ಮೂರು: ಮೇಲ್ಭಾಗದ ಚರ್ಮವು ತೊಗಲಿನ ಯಾವ ಪದರದಿಂದ ಬಂದದ್ದು, ಅಟ್ಟೆಯನ್ನು ಹೇಗೆ ಜೋಡಿಸಲಾಗಿದೆ, ಬೂಟು ಪಾದಕ್ಕೆ ಸರಿಯಾಗಿ ಹೊಂದುತ್ತದೆಯೇ ಇಲ್ಲವೇ. ಹೊಳಪಿನಿಂದ ಈ ಮೂರರಲ್ಲಿ ಒಂದೂ ತಿಳಿಯದು. ಆದರೆ ಸ್ವಲ್ಪ ಭೌತವಿಜ್ಞಾನವನ್ನೂ ರಸಾಯನವಿಜ್ಞಾನವನ್ನೂ ಬಲ್ಲವನು ಕಣ್ಣು ಬೆರಳುಗಳಿಂದಲೇ ಮೂರನ್ನೂ ಬಹುಮಟ್ಟಿಗೆ ಪರೀಕ್ಷಿಸಬಲ್ಲನು.

ದಿನವೊಂದಕ್ಕೆ ಎಷ್ಟು?

ಮೊದಲು ಲೆಕ್ಕವನ್ನು ನೋಡೋಣ. 1,200 ರೂಪಾಯಿಗಳ ಬೂಟೊಂದು 200 ದಿನಗಳ ಬಳಕೆಯಲ್ಲಿ ಸವೆದುಹೋಯಿತೆಂದು ಊಹಿಸಿ. ದಿನವೊಂದಕ್ಕೆ 6 ರೂಪಾಯಿ ಬಿದ್ದಂತಾಯಿತು. ಇನ್ನೊಂದರ ಬೆಲೆ 3,600 ರೂಪಾಯಿ. ಎರಡು ಸಲ 600 ರೂಪಾಯಿ ಕೊಟ್ಟು ಅಟ್ಟೆ ಬದಲಾಯಿಸಿದಾಗ ಅದು 1,000 ದಿನ ಬಾಳಿತು ಎನ್ನೋಣ. ಒಟ್ಟು ವೆಚ್ಚ 4,800. ದಿನವೊಂದಕ್ಕೆ 4 ರೂಪಾಯಿ 80 ಪೈಸೆ. ಮೂರನೆಯದು 12,000 ರೂಪಾಯಿಗಳದು. ಮೂರು ಸಲದ ದುರಸ್ತಿಗೆ 3,000 ವೆಚ್ಚವಾಗಿ ಅದು 1,500 ದಿನ ಬಂದಿತೆಂದರೆ ದಿನಕ್ಕೆ 10 ರೂಪಾಯಿ. ಈ ಅಂಕಿಗಳು ಉದಾಹರಣೆಗಾಗಿ ಮಾತ್ರ. ಆದರೂ ಅವು ಒಂದು ತತ್ತ್ವವನ್ನು ತೋರಿಸುತ್ತವೆ. ಬೆಲೆ ಏರಿದಂತೆ ದಿನದ ವೆಚ್ಚ ಮೊದಲು ಇಳಿದು, ಒಂದು ಕನಿಷ್ಠ ಬಿಂದುವನ್ನು ಮುಟ್ಟಿ, ಬಳಿಕ ಮತ್ತೆ ಏರುತ್ತದೆ. ಮಿತವ್ಯಯಿಯು ಹುಡುಕಬೇಕಾದುದು ಆ ಕನಿಷ್ಠ ಬಿಂದುವನ್ನೇ.

ಇಲ್ಲಿ ಒಂದು ಕಟುಸತ್ಯವೂ ಅಡಗಿದೆ. ಕೈಯಲ್ಲಿ 1,200 ರೂಪಾಯಿಗಳಷ್ಟೇ ಇರುವವನು, ಎರಡನೆಯ ಬೂಟು ಲಾಭವೆಂದು ತಿಳಿದರೂ, ಅದನ್ನು ಕೊಳ್ಳಲಾರನು. ಬಡವನಿಗೆ ಅಗ್ಗದ ವಸ್ತುವೇ ದುಬಾರಿಯಾಗುವುದು ಹೀಗೆ. ಅಂಥವನು ಇರುವ ಹಣವನ್ನು ಯಾವ ಅಂಶದ ಮೇಲೆ ವ್ಯಯಿಸಬೇಕು, ಯಾವುದನ್ನು ಬಿಟ್ಟುಕೊಡಬಹುದು ಎಂಬುದನ್ನು ಅರಿಯುವುದು ಇನ್ನೂ ಅವಶ್ಯಕ.

ತೊಗಲಿನ ಒಳರಚನೆ

ಪ್ರಾಣಿಯ ತೊಗಲು ಮೇಲಿನಿಂದ ಕೆಳಗಿನವರೆಗೆ ಒಂದೇ ಬಗೆಯ ವಸ್ತುವಲ್ಲ. ಕೂದಲನ್ನೂ ಹೊರಚರ್ಮವನ್ನೂ ತೆಗೆದ ಮೇಲೆ ಎರಡು ಪದರಗಳು ಉಳಿಯುತ್ತವೆ. ಮೇಲಣ ಪದರದಲ್ಲಿ ಕೊಲಾಜನ್ ಎಂಬ ಪ್ರೋಟೀನಿನ ಅತಿ ಸೂಕ್ಷ್ಮವಾದ ನಾರುಗಳು ಒತ್ತಾಗಿ ಹೆಣೆದುಕೊಂಡಿರುತ್ತವೆ. ಕೂದಲುಗಳಿದ್ದ ರಂಧ್ರಗಳು ಇಲ್ಲಿಯೇ ಕಾಣುತ್ತವೆ. ಕೆಳಗಣ ಪದರದ ನಾರುಗಳು ದಪ್ಪವಾದ ಕಟ್ಟುಗಳಾಗಿ ಮೂರು ದಿಕ್ಕಿನಲ್ಲೂ ಹೆಣೆದಿರುತ್ತವೆ. ತೊಗಲಿಗೆ ಬಲ ಬಹುಮಟ್ಟಿಗೆ ಇದರಿಂದ. ಮೇಲ್ಪದರವನ್ನು ಉಜ್ಜದೆ ಉಳಿಸಿಕೊಂಡ ಚರ್ಮವೇ ಉತ್ತಮ. ಗಾಯದ ಕಲೆಗಳನ್ನು ಮರೆಮಾಡಲು ಮೇಲ್ಮೈಯನ್ನು ಉಜ್ಜಿ, ಬಣ್ಣದ ಲೇಪ ಕೊಟ್ಟು, ಕೃತಕ ರೇಖೆಗಳನ್ನು ಒತ್ತಿದ ಚರ್ಮ ಎರಡನೆಯ ದರ್ಜೆಯದು. ಮೇಲ್ಪದರವನ್ನು ಸೀಳಿ ತೆಗೆದ ಬಳಿಕ ಉಳಿದ ಕೆಳಪದರಕ್ಕೆ ಪ್ಲಾಸ್ಟಿಕ್ಕಿನ ಹಾಳೆ ಹೊದಿಸಿದ್ದು ಮೂರನೆಯದು. ಚರ್ಮದ ಚೂರುಗಳನ್ನು ಅರೆದು ಅಂಟಿನೊಡನೆ ಬೆರೆಸಿ ಹಾಳೆ ಮಾಡಿದ್ದು ಕೊನೆಯದು. ಈ ನಾಲ್ಕಕ್ಕೂ ಅಂಗಡಿಯವರು ಚರ್ಮವೆಂಬ ಒಂದೇ ಹೆಸರನ್ನು ಹೇಳುವುದುಂಟು. ಆದುದರಿಂದ ‘ಅಸಲಿ ಚರ್ಮ’ ಎಂಬ ಚೀಟಿಯಿಂದ ನಮಗೆ ತಿಳಿಯುವುದು ಬಹಳ ಕಡಮೆ.

ಹಸಿಯ ತೊಗಲು ಒದ್ದೆಯಾಗಿದ್ದರೆ ಕೊಳೆಯುತ್ತದೆ, ಒಣಗಿದರೆ ಕೊಂಬಿನಂತೆ ಸೆಟೆಯುತ್ತದೆ. ಹದ ಮಾಡುವಾಗ ನಾರುಗಳ ನಡುವೆ ರಾಸಾಯನಿಕ ಬಂಧಗಳು ಏರ್ಪಟ್ಟು ಈ ದೋಷಗಳು ನಿವಾರಣೆಯಾಗುತ್ತವೆ. ತಂಗಡಿಯ ತೊಗಟೆ ಮತ್ತು ಅಳಲೆಕಾಯಿಗಳಿಂದ ಹದ ಮಾಡುವುದು ದಕ್ಷಿಣ ಭಾರತದ ಹಳೆಯ ಪದ್ಧತಿ. ಕ್ರೋಮಿಯಮ್ ಲವಣಗಳಿಂದ ಹದ ಮಾಡುವ ವಿಧಾನಕ್ಕೆ 1884ರಲ್ಲಿ ಅಮೆರಿಕದ ಆಗಸ್ಟಸ್ ಷುಲ್ಟ್ಸ್ ಏಕಸ್ವಾಮ್ಯ ಪಡೆದನು. ಇಂದು ಬೂಟಿನ ಮೇಲ್ಭಾಗದ ಚರ್ಮ ಬಹುಮಟ್ಟಿಗೆ ಈ ಬಗೆಯದು. ಎರಡಕ್ಕೂ ಇರುವ ವ್ಯತ್ಯಾಸವನ್ನು ಉಷ್ಣತೆ ತೋರಿಸುತ್ತದೆ. ನೀರಿನಲ್ಲಿ ಕಾಯಿಸಿದಾಗ ಹಸಿಯ ತೊಗಲು ಸುಮಾರು 60ರಿಂದ 65 ಡಿಗ್ರಿ ಸೆಲ್ಸಿಯಸ್‌ನಲ್ಲಿ ಮುದುಡುತ್ತದೆ. ತೊಗಟೆಯಿಂದ ಹದಗೊಂಡದ್ದು 75ರಿಂದ 85ರ ಆಸುಪಾಸಿನಲ್ಲಿ. ಕ್ರೋಮಿಯಮ್‌ನಿಂದ ಚೆನ್ನಾಗಿ ಹದಗೊಂಡದ್ದು ಕುದಿಯುವ ನೀರನ್ನೂ ತಾಳಬಲ್ಲದು.

ಬಾಗುವಿಕೆಯ ಗಣಿತ

ನಡೆಯುವಾಗ ಬೂಟು ಕಾಲ್ಬೆರಳುಗಳ ಬುಡದಲ್ಲಿ ಪ್ರತಿ ಹೆಜ್ಜೆಗೂ ಬಾಗುತ್ತದೆ. ದಿನಕ್ಕೆ 6,000 ಹೆಜ್ಜೆಗಳಾದರೆ ಒಂದೊಂದು ಕಾಲಿಗೆ 3,000. ವರ್ಷದಲ್ಲಿ 250 ದಿನಗಳಿಗೆ 7,50,000 ಸಲ. 1.4 ಮಿಲಿಮೀಟರ್ ದಪ್ಪದ ಚರ್ಮವು ಬಾಗಿದಾಗ ಅದರ ನಡುಪದರದ ವಕ್ರತಾ ತ್ರಿಜ್ಯ 5 ಮಿಲಿಮೀಟರ್ ಎನ್ನೋಣ. ಆಗ ಹೊರಮೈಯ ತ್ರಿಜ್ಯ 5.7 ಮಿಲಿಮೀಟರ್. ಎಂದರೆ ಹೊರಮೈ ನಡುಪದರಕ್ಕಿಂತ ಶೇಕಡಾ 14ರಷ್ಟು ಹಿಗ್ಗಬೇಕು. ನಾರುಗಳ ಹೆಣಿಗೆಯಾದ ಚರ್ಮಕ್ಕೆ ಇದು ಕಷ್ಟವಲ್ಲ. ನಾರುಗಳು ಒಂದರ ಪಕ್ಕದಲ್ಲೊಂದು ಸರಿದು ಎಡೆಕೊಡುತ್ತವೆ. ಆದರೆ ಮೇಲೆ ಹೊದಿಸಿದ ಪ್ಲಾಸ್ಟಿಕ್ಕಿನ ಪೊರೆಗೆ ಈ ಅನುಕೂಲವಿಲ್ಲ. ವಯಸ್ಸಾದಂತೆ ಅದು ಪೆಡಸಾಗಿ, ಎಲ್ಲಿ ಹಿಗ್ಗುವಿಕೆ ಅತ್ಯಧಿಕವೋ ಅಲ್ಲಿಯೇ, ಎಂದರೆ ಬಾಗಿದ ಹೊರಮೈಯಲ್ಲಿಯೇ, ಬಿರಿಯುತ್ತದೆ. ಹೀಗೆ ಬಿರಿದ ಪೊರೆಯನ್ನು ಯಾವ ಪಾಲಿಷ್‌ನಿಂದಲೂ ಸರಿಪಡಿಸಲಾಗದು.

ನಾರುಗಳ ನಡುವಣ ತೆರಪುಗಳಿಂದ ಇನ್ನೊಂದು ಉಪಕಾರವೂ ಉಂಟು. ಬೆವರಿನ ಆವಿ ಅವುಗಳ ಮೂಲಕ ಹೊರಸಾಗುತ್ತದೆ. ದಪ್ಪನೆಯ ಲೇಪವು ಈ ದಾರಿಯನ್ನು ಮುಚ್ಚಿಬಿಡುವುದರಿಂದ ಪಾದ ಒಳಗೇ ಬೇಯುತ್ತದೆ.

ಅಂಗಡಿಯಲ್ಲಿ ಮಾಡಬಹುದಾದ ಪರೀಕ್ಷೆಗಳು

ಮೊದಲನೆಯದಾಗಿ, ಬಾಗುವ ಭಾಗವನ್ನು ಹೆಬ್ಬೆರಳಿನಿಂದ ಮೆಲ್ಲನೆ ಒಳಕ್ಕೆ ಒತ್ತಿ ನೋಡಿರಿ. ಸುತ್ತಲೂ ನವಿರಾದ ಸುಕ್ಕುಗಳೆದ್ದು, ಬೆರಳು ತೆಗೆದೊಡನೆ ಮಾಯವಾದರೆ ಮೇಲ್ಪದರ ಬಿಗಿಯಾಗಿದೆ ಎಂದರ್ಥ. ಸುಕ್ಕುಗಳು ದೊರಗಾಗಿ, ಪೊರೆಯೊಂದು ಬೇರೆಯಾಗಿ ಎದ್ದಂತೆ ಕಂಡರೆ ಚರ್ಮ ಸಡಿಲವಾದುದು. ಸುಕ್ಕೇ ಏಳದೆ ಗುಳಿಬಿದ್ದರೆ ಮೇಲೆ ದಪ್ಪನೆಯ ಲೇಪವಿದೆಯೆಂದು ಸಂಶಯಪಡಬೇಕು.

ಎರಡನೆಯದಾಗಿ, ಕತ್ತರಿಸಿದ ಅಂಚನ್ನು ಹುಡುಕಿರಿ. ಲೇಸಿನ ಕೆಳಗಿನ ನಾಲಗೆಯ ತುದಿಯಲ್ಲಿ ಇದು ಸಾಮಾನ್ಯವಾಗಿ ಸಿಕ್ಕುತ್ತದೆ. ನಾರುನಾರಾದ ಅಂಚು ಚರ್ಮವನ್ನೂ, ನೇಯ್ದ ಬಟ್ಟೆಯ ಮೇಲೆ ಕೂತ ಪೊರೆ ರೆಕ್ಸಿನ್ನನ್ನೂ ಸೂಚಿಸುತ್ತವೆ.

ಮೂರನೆಯದಾಗಿ, ಚಿತ್ರಸಂಕೇತಗಳನ್ನು ನೋಡಿರಿ. ಐರೋಪ್ಯ ಒಕ್ಕೂಟವು 1994ರಲ್ಲಿ ಗೊತ್ತುಪಡಿಸಿದ ಸಂಕೇತಗಳು ಅನೇಕ ಬೂಟುಗಳ ಮೇಲಿರುತ್ತವೆ. ಹರಡಿದ ತೊಗಲಿನ ಆಕಾರವು ಚರ್ಮಕ್ಕೂ, ಅದರೊಳಗೆ ವಜ್ರಾಕೃತಿಯಿದ್ದರೆ ಲೇಪಿತ ಚರ್ಮಕ್ಕೂ, ಬರಿಯ ವಜ್ರಾಕೃತಿಯು ಇತರ ವಸ್ತುಗಳಿಗೂ ಗುರುತು. ಮೇಲ್ಭಾಗ, ಒಳಭಾಗ, ಅಟ್ಟೆ ಇವುಗಳಿಗೆ ಬೇರೆಬೇರೆ ಗುರುತುಗಳಿರುವುದರಿಂದ ಮೂರನ್ನೂ ಓದಬೇಕು.

ಜನಪ್ರಿಯವಾದ ಇನ್ನೆರಡು ಪರೀಕ್ಷೆಗಳನ್ನು ನೆಚ್ಚುವಂತಿಲ್ಲ. ನೀರಿನ ಹನಿಯನ್ನು ಹೀರಿದರೆ ಮಾತ್ರ ಚರ್ಮ ಎನ್ನುವರು. ಆದರೆ ಮೇಣದ ಪಾಲಿಷ್ ಹಚ್ಚಿದ ಉತ್ತಮ ಚರ್ಮದ ಮೇಲೂ ಹನಿ ಉರುಳುತ್ತದೆ. ವಾಸನೆಯನ್ನು ಕೃತಕವಾಗಿಯೂ ಸೇರಿಸಬಹುದು.

ಅಟ್ಟೆಯ ಜೋಡಣೆ

ಅಟ್ಟೆಯನ್ನು ಜೋಡಿಸುವ ಕ್ರಮಗಳು ಪ್ರಧಾನವಾಗಿ ಮೂರು. ಅಂಟಿನಿಂದ ಕೂಡಿಸುವುದು ಎಲ್ಲಕ್ಕಿಂತ ಅಗ್ಗ. ಎರಡನೆಯದರಲ್ಲಿ ಒಂದೇ ಹೊಲಿಗೆಯು ಅಟ್ಟೆ, ಮೇಲ್ಭಾಗ, ಒಳ ಅಟ್ಟೆ ಮೂರನ್ನೂ ಹಾಯುತ್ತದೆ; ಇದರ ಯಂತ್ರಕ್ಕೆ ಅಮೆರಿಕದ ಲೈಮನ್ ಬ್ಲೇಕ್ 1858ರಲ್ಲಿ ಏಕಸ್ವಾಮ್ಯ ಪಡೆದನು. ಮೂರನೆಯದರಲ್ಲಿ ವೆಲ್ಟ್ ಎಂಬ ಚರ್ಮದ ಪಟ್ಟಿಯನ್ನು ಮೇಲ್ಭಾಗಕ್ಕೂ ಒಳ ಅಟ್ಟೆಗೂ ಹೊಲಿದು, ಆ ಪಟ್ಟಿಗೆ ಎರಡನೆಯ ಹೊಲಿಗೆಯಿಂದ ಹೊರ ಅಟ್ಟೆಯನ್ನು ಸೇರಿಸುತ್ತಾರೆ. ಗುಡ್‌ಇಯರ್ ವೆಲ್ಟ್ ಎಂದು ಹೆಸರಾದ ಈ ಕ್ರಮದಲ್ಲಿ ಎರಡನೆಯ ಹೊಲಿಗೆಯನ್ನು ಬಿಚ್ಚಿ, ಮೇಲ್ಭಾಗವನ್ನು ಕದಲಿಸದೆಯೇ ಹೊಸ ಅಟ್ಟೆ ಹಾಕಬಹುದು.

ಅಂಟಿನ ದೌರ್ಬಲ್ಯವೇನು? ಗೋಡೆಗೆ ಅಂಟಿಸಿದ ಕಾಗದವನ್ನು ಒಟ್ಟಾಗಿ ಪಕ್ಕಕ್ಕೆ ಸರಿಸುವುದು ಕಷ್ಟ. ಮೂಲೆಯಿಂದ ಸುಲಿಯುವುದು ಸುಲಭ. ಸುಲಿಯುವಾಗ ಬಲವೆಲ್ಲ ಒಂದು ಗೆರೆಯ ಮೇಲೆ ಕೇಂದ್ರೀಕೃತವಾಗುತ್ತದೆ. ಪ್ರತಿ ಹೆಜ್ಜೆಯೂ ಬೂಟಿನ ಮುಂತುದಿಯಲ್ಲಿ ಅಟ್ಟೆಯನ್ನು ಹೀಗೆಯೇ ಸುಲಿಯಲು ಯತ್ನಿಸುತ್ತದೆ. ಆದರೂ ಒಳ್ಳೆಯ ಅಂಟಿನ ಬೂಟನ್ನು ತಿರಸ್ಕರಿಸಬೇಕಾಗಿಲ್ಲ. ನುರಿತ ಕುಶಲಕರ್ಮಿಯು ಅಂಚಿಗೆ ಕೈಹೊಲಿಗೆ ಹಾಕಿ ಅದರ ಆಯುಸ್ಸನ್ನು ಹೆಚ್ಚಿಸಬಲ್ಲನು. ತಿರಸ್ಕರಿಸಬೇಕಾದುದು ಸುಳ್ಳು ಹೊಲಿಗೆಗೆ ತೆರುವ ಹೆಚ್ಚಿನ ಬೆಲೆಯನ್ನು. ಕೆಲವು ಅಟ್ಟೆಗಳ ಅಂಚಿನಲ್ಲಿ ಹೊಲಿಗೆಯ ರೂಪವನ್ನು ಅಚ್ಚಿನಿಂದಲೇ ಮೂಡಿಸಿರುತ್ತಾರೆ. ಅಂಚನ್ನು ಸ್ವಲ್ಪ ಬಾಗಿಸಿ, ದಾರವು ನಿಜವಾಗಿ ರಂಧ್ರದೊಳಗೆ ಇಳಿದಿದೆಯೇ ಎಂದು ನೋಡಿರಿ.

ಪಾಲಿಯುರೆಥೇನ್ ಅಟ್ಟೆಗಳ ಬಗೆಗೆ ಒಂದು ಎಚ್ಚರಿಕೆ. ಹಗುರವೂ ಮೃದುವೂ ಆದ ಇವುಗಳಲ್ಲಿ ಪಾಲಿಯೆಸ್ಟರ್ ಜಾತಿಯವು ಗಾಳಿಯ ತೇವದಿಂದ ನಿಧಾನವಾಗಿ ವಿಘಟನೆ ಹೊಂದುತ್ತವೆ. ಮದುವೆಗೆಂದು ಕೊಂಡು ಕೆಲವು ವರ್ಷ ಪೆಟ್ಟಿಗೆಯಲ್ಲಿಟ್ಟಿದ್ದ ಬೂಟಿನ ಅಟ್ಟೆ ಮೆಟ್ಟಿದೊಡನೆ ಪುಡಿಯಾಗುವುದಕ್ಕೆ ಇದೇ ಕಾರಣ. ಕರಾವಳಿ ಮಲೆನಾಡುಗಳವರು ಇದನ್ನು ವಿಶೇಷವಾಗಿ ನೆನಪಿಡಬೇಕು. ಅಪರೂಪಕ್ಕೆ ಧರಿಸುವ ಬೂಟಿಗೆ ರಬ್ಬರಿನ ಅಟ್ಟೆಯೇ ವಾಸಿ.

ಅಳತೆ

ಹೊಂದದ ಬೂಟು ಎಷ್ಟು ಉತ್ತಮವಾದರೂ ನಷ್ಟವೇ. ಪಾದಗಳು ಸಂಜೆಯ ಹೊತ್ತಿಗೆ ಸ್ವಲ್ಪ ಊದಿಕೊಳ್ಳುವುದರಿಂದ ಆಗಲೇ ಕೊಳ್ಳುವುದು ಲೇಸು. ಎರಡು ಪಾದಗಳು ಸಮವಾಗಿರುವುದು ವಿರಳ, ದೊಡ್ಡದನ್ನು ಆಧಾರವಾಗಿಟ್ಟುಕೊಳ್ಳಬೇಕು. ಇಂಗ್ಲಿಷ್ ಅಳತೆಯಲ್ಲಿ ಒಂದು ಸಂಖ್ಯೆಯಿಂದ ಮುಂದಿನದಕ್ಕೆ ಅಂತರ ಅಂಗುಲದ ಮೂರನೆಯ ಒಂದು ಭಾಗ, ಎಂದರೆ ಸುಮಾರು 8.5 ಮಿಲಿಮೀಟರ್, ಯೂರೋಪಿನ ಅಳತೆಯಲ್ಲಿ ಸುಮಾರು 6.7 ಮಿಲಿಮೀಟರ್. ಆದುದರಿಂದ ಇವೆರಡರ ಸಂಖ್ಯೆಗಳು ನಿಖರವಾಗಿ ಹೊಂದುವುದಿಲ್ಲ. ಸಂಖ್ಯೆಯನ್ನು ನಂಬದೆ ಎರಡೂ ಬೂಟು ಧರಿಸಿ, ನಿಂತು, ನಡೆದು ನೋಡಬೇಕು. ಬೂಟು ಬಾಗುವ ಸ್ಥಳವೂ ಪಾದ ಬಾಗುವ ಸ್ಥಳವೂ ಒಂದೇ ಆಗಿರಬೇಕು. ಚರ್ಮವು ಅಗಲದಲ್ಲಿ ಕೊಂಚ ಸಡಿಲಗೊಳ್ಳಬಹುದು. ಉದ್ದದಲ್ಲಿ ಬೂಟು ಬೆಳೆಯುವುದಿಲ್ಲ.

ಕೊಂಡ ಮೇಲೆ

ಒಂದು ದಿನದ ಬೆವರು ಆರುವುದಕ್ಕೆ ಒಂದು ರಾತ್ರಿ ಸಾಲದು. ಸಾಧ್ಯವಾದರೆ ದಿನ ಬಿಟ್ಟು ದಿನ ಧರಿಸಿರಿ. ಒದ್ದೆಯಾದ ಬೂಟಿನೊಳಗೆ ಹಳೆಯ ವೃತ್ತಪತ್ರಿಕೆಯನ್ನು ಉಂಡೆಮಾಡಿ ತುಂಬಿ ನೆರಳಿನಲ್ಲಿ ಆರಿಸಿರಿ. ಒಲೆಯ ಬಳಿ ಇಡಬಾರದು. ಒದ್ದೆ ಚರ್ಮವನ್ನು ಉಷ್ಣತೆ ಮುದುಡಿಸುವುದನ್ನು ಮೇಲೆಯೇ ಕಂಡೆವು. ಮೇಣದ ಪಾಲಿಷ್ ಹೊಳಪು ಕೊಡುತ್ತದೆ. ಆದರೆ ನಾರುಗಳು ಒಣಗಿ ಪೆಡಸಾಗದಂತೆ ಆಗಾಗ್ಗೆ ಜಿಡ್ಡಿನ ಅಂಶವುಳ್ಳ ಕ್ರೀಮನ್ನೂ ಹಚ್ಚಬೇಕು. ಹಿಮ್ಮಡಿಯ ರಬ್ಬರು ಪೂರ್ಣವಾಗಿ ಸವೆಯುವ ಮೊದಲೇ ಬದಲಾಯಿಸಿದರೆ ಮೇಲಿನ ಭಾಗ ಉಳಿಯುತ್ತದೆ.

ಹೀಗಿರುವುದರಿಂದ ಹಣ ಮಿತವಾಗಿರುವಾಗ ಆದ್ಯತೆಯ ಕ್ರಮ ಸ್ಪಷ್ಟ. ಎಲ್ಲಕ್ಕೂ ಮೊದಲು ಹೊಂದಿಕೆ. ಇದಕ್ಕೆ ಹಣ ಬೇಕಾಗಿಲ್ಲ, ತಾಳ್ಮೆ ಸಾಕು. ಬಳಿಕ ಮೇಲ್ಭಾಗದ ಚರ್ಮ. ಕೆಟ್ಟ ಮೇಲೆ ಬದಲಾಯಿಸಲಾಗದ ಭಾಗ ಇದೊಂದೇ. ಅನಂತರ ಅಟ್ಟೆಯ ಜೋಡಣೆ. ಹೆಸರು, ಹೊಳಪು, ಅಲಂಕಾರಗಳ ಸರದಿ ಕಡೆಯದು. ಹೊಲಿದ ಬೂಟಿಗೆ ಹಣ ಸಾಲದಿದ್ದರೆ ಒಳ್ಳೆಯ ಚರ್ಮದ ಅಂಟಿನ ಬೂಟನ್ನು ಕೊಳ್ಳಿರಿ. ಅದಕ್ಕೂ ಸಾಲದಿದ್ದರೆ, ಲೇಪಿತ ಚರ್ಮವೆಂದು ತಿಳಿದೇ, ಅದಕ್ಕೆ ತಕ್ಕ ಬೆಲೆಯನ್ನಷ್ಟೇ ಕೊಡಿರಿ.

ಆಸಕ್ತಿಯುಳ್ಳ ವಿದ್ಯಾರ್ಥಿಗಳು ಮನೆಯಲ್ಲಿ ಎಸೆಯಲೆಂದು ಇಟ್ಟ ಹಳೆಯ ಬೂಟೊಂದನ್ನು ನಡುವೆ ಕೊಯ್ದು ನೋಡಲಿ. ಬಿರುಕು ಎಲ್ಲಿ ಮೊದಲಾಯಿತು, ಲೇಪದ ದಪ್ಪವೆಷ್ಟು, ಅಟ್ಟೆ ಹೇಗೆ ಕೂಡಿತ್ತು ಎಂಬುದನ್ನು ಬರೆದಿಟ್ಟುಕೊಳ್ಳಲಿ. ಅಂಥ ಒಂದು ಪರೀಕ್ಷೆಯ ಬಳಿಕ ಅಂಗಡಿಯ ದೀಪದ ಬೆಳಕಿಗೆ ಅವರು ಸುಲಭವಾಗಿ ಮರುಳಾಗಲಾರರು.