ಜ್ವರದ ಸೆಳವು ಬಂದ ಮಗು ಮತ್ತು ಬೆನ್ನಿನ ನೀರಿನ ಪರೀಕ್ಷೆ

(ಗ್ರಾಮ ಪಂಚಾಯತಿ ಸದಸ್ಯರ ಅಧ್ಯಯನಕ್ಕಾಗಿ)

ಆರು ತಿಂಗಳಿನಿಂದ ಐದು ವರ್ಷದವರೆಗಿನ ನೂರು ಮಕ್ಕಳಲ್ಲಿ ಎರಡರಿಂದ ಐದು ಮಕ್ಕಳಿಗೆ ಜ್ವರ ಬಂದಾಗ ಒಮ್ಮೆಯಾದರೂ ಸೆಳವು ಕಾಣಿಸಿಕೊಳ್ಳುತ್ತದೆ. ಬಹುಪಾಲು ಸೆಳವುಗಳು ಕೆಲವೇ ನಿಮಿಷಗಳಲ್ಲಿ ತಾವಾಗಿ ನಿಲ್ಲುತ್ತವೆ, ಮೆದುಳಿಗೆ ಹಾನಿಯಾಗುವುದಿಲ್ಲ. ಆದರೆ ಅಪರೂಪಕ್ಕೆ ಅದೇ ಸೆಳವು ಮೆದುಳಿನ ಪೊರೆಗೆ ಬ್ಯಾಕ್ಟೀರಿಯಾ ಸೋಂಕು ತಗುಲಿರುವುದರ, ಅಂದರೆ ಮೆನಿಂಜೈಟಿಸ್‌ನ, ಮೊದಲ ಗುರುತಾಗಿರುತ್ತದೆ. ಇದರ ಚಿಕಿತ್ಸೆ ತಡವಾದರೆ ಮಗು ಸಾಯಬಹುದು, ಬದುಕಿದರೂ ಕಿವುಡಾಗಬಹುದು.

ಇವೆರಡನ್ನು ಬೇರ್ಪಡಿಸಿ ಖಚಿತವಾಗಿ ಹೇಳುವುದು ಬೆನ್ನಿನ ನೀರಿನ ಪರೀಕ್ಷೆ. ಸೊಂಟದ ಮೂಳೆಗಳ ನಡುವೆ ಸಣ್ಣ ಸೂಜಿಯಿಂದ ಕೆಲವು ಹನಿ ದ್ರವ ತೆಗೆದು, ಅದರಲ್ಲಿನ ಕಣ, ಸಕ್ಕರೆ ಹಾಗೂ ಪ್ರೋಟೀನ್ ಅಳೆದು, ಬ್ಯಾಕ್ಟೀರಿಯಾವನ್ನು ಬೆಳೆಸಿ ನೋಡುತ್ತಾರೆ. ಬೆನ್ನಿಗೆ ಸೂಜಿ ಚುಚ್ಚಿದರೆ ಮಗುವಿನ ಕಾಲು ಬೀಳುತ್ತದೆಂಬ ಭಯದಿಂದ ಪೋಷಕರು ಒಪ್ಪಿಗೆ ನೀಡಲು ಹಿಂಜರಿಯುವುದುಂಟು. ಸೂಜಿ ಹಾಕುವುದು ಬೆನ್ನುಹುರಿ ಮುಗಿದ ಜಾಗದ ಕೆಳಗೆ. ಆದ್ದರಿಂದ ಈ ಭಯಕ್ಕೆ ಆಧಾರವಿಲ್ಲ.

ಹಾಗೆಂದು ಸೆಳವು ಬಂದ ಪ್ರತಿ ಮಗುವಿಗೂ ಇದು ಬೇಕಿಲ್ಲ. ಕತ್ತು ಬಿಗಿಯುವುದು, ನೆತ್ತಿ ಉಬ್ಬುವುದು, ಸೆಳವು ನಿಂತ ಮೇಲೂ ಮಂಪರು ಕಳೆಯದಿರುವುದು, ಹಾಲು ಬಿಡುವುದು ಕಂಡರೆ ಬೇಕು. ಒಂದು ವರ್ಷದೊಳಗಿನ ಕೂಸಿನಲ್ಲಿ ಕತ್ತು ಬಿಗಿಯದೆಯೂ ರೋಗವಿರಬಹುದು. ಅದಕ್ಕೇ ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 1996ರಲ್ಲಿ ಈ ವಯಸ್ಸಿನವರೆಲ್ಲರಿಗೂ ಪರೀಕ್ಷೆಯನ್ನು ಗಂಭೀರವಾಗಿ ಯೋಚಿಸಬೇಕೆಂದಿತ್ತು. ಲಸಿಕೆಗಳಿಂದ ರೋಗ ಇಳಿದ ಮೇಲೆ, 2011ರಲ್ಲಿ ಆ ಮಾತನ್ನು ಸಡಿಲಿಸಿತು: ಆರರಿಂದ ಹನ್ನೆರಡು ತಿಂಗಳ ಮಗು ಚೆನ್ನಾಗಿ ಕಂಡರೂ, ಹಿಬ್ ಮತ್ತು ನ್ಯುಮೋಕಾಕಲ್ ಲಸಿಕೆ ಪೂರ್ಣವಾಗಿರದಿದ್ದರೆ ಅಥವಾ ಆಗಿದೆಯೋ ಇಲ್ಲವೋ ತಿಳಿಯದಿದ್ದರೆ ವೈದ್ಯರು ಪರೀಕ್ಷೆ ಮಾಡಬಹುದು.

ಈ 'ತಿಳಿಯದಿದ್ದರೆ' ಎಂಬ ಮಾತು ಕೊಪ್ಪಳ ಜಿಲ್ಲೆಗೆ ನೇರವಾಗಿ ಅನ್ವಯಿಸುತ್ತದೆ. ಹಿಬ್ ಲಸಿಕೆ ಪೆಂಟಾವೇಲೆಂಟ್‌ನಲ್ಲಿ 6, 10, 14ನೇ ವಾರಗಳಲ್ಲಿ ಸಿಗುತ್ತದೆ. 2021ರಲ್ಲಿ ದೇಶದಾದ್ಯಂತ ವಿಸ್ತರಿಸಿದ ನ್ಯುಮೋಕಾಕಲ್ ಲಸಿಕೆಯನ್ನು 6, 14ನೇ ವಾರ ಹಾಗೂ 9ನೇ ತಿಂಗಳಲ್ಲಿ ಕೊಡುತ್ತಾರೆ. ಎರಡೂ ಉಚಿತ. ಆದರೆ ಕುಷ್ಟಗಿ, ಯಲಬುರ್ಗಾ ಭಾಗದಿಂದ ಗುಳೆ ಹೋಗುವ ಕುಟುಂಬದ ಕೂಸಿಗೆ ಈ ವಾರಗಳು ಬೇರೆ ಊರಿನಲ್ಲಿ ಕಳೆಯುತ್ತವೆ. ಡೋಸು ತಪ್ಪುತ್ತದೆ, ಇಲ್ಲವೇ ತಾಯಿ ಕಾರ್ಡ್ ಕಳೆದುಹೋಗುತ್ತದೆ. ಕಾರ್ಡ್ ಇಲ್ಲದ ಕೂಸಿನ ಮುಂದೆ ವೈದ್ಯರು ಊಹೆಯ ಮೇಲೆ ನಿರ್ಧರಿಸಬೇಕಾಗುತ್ತದೆ.

ಇನ್ನೊಂದು ತೊಡಕು, ಆಸ್ಪತ್ರೆ ತಲುಪುವ ಮುನ್ನ ಕೊಡಿಸಿದ ಆಂಟಿಬಯೋಟಿಕ್. ಅದು ರೋಗವನ್ನು ಪೂರ್ತಿ ಗುಣಪಡಿಸದೆ ಲಕ್ಷಣಗಳನ್ನು ಮಾತ್ರ ಮರೆಸಬಹುದು; ಪರೀಕ್ಷೆಯಲ್ಲಿ ಬ್ಯಾಕ್ಟೀರಿಯಾ ಬೆಳೆಯದಂತೆಯೂ ಮಾಡಬಹುದು. ಕೊಟ್ಟಿದ್ದರೆ ಮುಚ್ಚಿಡದೆ ಮಾತ್ರೆಯ ಹಾಳೆ, ಔಷಧಿ ಬಾಟಲಿಯನ್ನು ವೈದ್ಯರಿಗೆ ತೋರಿಸತಕ್ಕದ್ದು.

ಸೆಳವಿನ ಸಮಯದಲ್ಲಿ ಮಗುವನ್ನು ಮಗ್ಗುಲಾಗಿ ಮಲಗಿಸಬೇಕು. ಬಾಯಿಗೆ ಚಮಚ, ನೀರು, ಔಷಧಿ ಏನನ್ನೂ ಹಾಕಬಾರದು. ಕೈಗೆ ಕಬ್ಬಿಣ ಕೊಡುವುದು, ಈರುಳ್ಳಿ ಮೂಸಿಸುವುದು ಸಮಯ ಕಳೆಯುವ ಕೆಲಸ. ಬರೆ ಹಾಕುವುದು ಹಿಂಸೆ. ಐದು ನಿಮಿಷ ಮೀರಿದರೆ ಕೂಡಲೇ 108ಕ್ಕೆ ಕರೆ ಮಾಡಬೇಕು. ಬೇಗ ನಿಂತರೂ, ಮೊದಲ ಬಾರಿ ಸೆಳವು ಬಂದ ಮಗುವನ್ನು ಅಂದೇ ವೈದ್ಯರಿಗೆ ತೋರಿಸಬೇಕು. ತಾಲ್ಲೂಕು ಆಸ್ಪತ್ರೆಯಿಂದ ಕೊಪ್ಪಳಕ್ಕೆ ಕಳುಹಿಸಿದರೆ ಮರುದಿನಕ್ಕೆ ಮುಂದೂಡಬಾರದು.

ಸದಸ್ಯರು ತಮ್ಮ ವಾರ್ಡಿನಲ್ಲಿ ಗುಳೆ ಹೋಗಿ ಮರಳಿದ, ಒಂದು ವರ್ಷದೊಳಗಿನ ಮಕ್ಕಳಿರುವ ಮನೆಗಳನ್ನು ಆಶಾ ಕಾರ್ಯಕರ್ತೆಯೊಂದಿಗೆ ಗುರುತಿಸಿ, ಕಾರ್ಡ್ ಕಳೆದವರಿಗೆ ಉಪಕೇಂದ್ರದ ದಾಖಲೆಯಿಂದ ನಕಲು ಬರೆಸಿಕೊಡಲು, ಬಾಕಿ ಡೋಸುಗಳನ್ನು ಮುಂದಿನ ಲಸಿಕಾ ದಿನದಂದೇ ಹಾಕಿಸಲು ಕ್ರಮ ವಹಿಸತಕ್ಕದ್ದು.