ಎರಡು ಸರಿಯಾದ ಬಿಲ್ಲುಗಳ ನಡುವೆ

ಸರ್ಕಾರಿ ಲೆಕ್ಕಪತ್ರಗಳ ಪರಿಶೋಧನೆಯಲ್ಲೇ ಕೂದಲು ಹಣ್ಣು ಮಾಡಿಕೊಂಡವಳು ನಾನು. ವೋಚರ್ ಇದೆಯೇ, ಅಳತೆ ಪುಸ್ತಕದಲ್ಲಿ ಬರೆದಿದ್ದಾರೆಯೇ, ದರ ಸರ್ಕಾರಿ ದರಪಟ್ಟಿಯ (ಎಸ್‌ಆರ್) ಪ್ರಕಾರ ಇದೆಯೇ, ಸಹಿ ಮಾಡಿದವರಿಗೆ ಅಧಿಕಾರ ಇತ್ತೇ ಎಂದು ನೋಡುವುದು, ತಪ್ಪಿದ್ದರೆ ಆಕ್ಷೇಪಣೆ ಬರೆಯುವುದು, ಪೆಟ್ಟಿಗೆ ಕಟ್ಟಿಕೊಂಡು ಮುಂದಿನ ಊರಿಗೆ ಹೋಗುವುದು ನಮ್ಮ ಕೆಲಸ. ನಿವೃತ್ತಿಯ ನಂತರ ಯಲಹಂಕದ ಕಡೆ ಮನೆ ಮಾಡಿದೆ. ನಿವಾಸಿಗಳ ಸಂಘದವರು ‘ಲೆಕ್ಕ ಗೊತ್ತಿರೋರು ನೀವೇ, ಬನ್ನಿ ಮೇಡಂ’ ಎಂದು ವಾರ್ಡ್ ಸಮಿತಿಯ ಸಭೆಗೆ ಎಳೆದುಕೊಂಡು ಹೋದರು. ಅಲ್ಲಿಂದ ಶುರುವಾದ ಓಡಾಟ ನನಗೆ ಕಲಿಸಿದ್ದು ಇಷ್ಟು: ಸುಳ್ಳು ಬಿಲ್ಲಿನಲ್ಲಿ ಪೋಲಾದ ಹಣ ಇವತ್ತಲ್ಲ ನಾಳೆ ಯಾರಾದರೊಬ್ಬರ ಕೈಗೆ ಸಿಕ್ಕಿಬೀಳುತ್ತದೆ. ಎರಡು ಸರಿಯಾದ ಬಿಲ್ಲುಗಳ ನಡುವೆ ಪೋಲಾಗುವ ಹಣವನ್ನು ಹಿಡಿಯುವವರೇ ಇಲ್ಲ.

ರಸ್ತೆಯನ್ನೇ ತೆಗೆದುಕೊಳ್ಳಿ. ಒಂದು ಬೀದಿಗೆ ಡಾಂಬರು ಬೀಳುತ್ತದೆ. ಎಸ್ಟಿಮೇಟ್, ಟೆಂಡರ್, ಅಳತೆ, ಪಾವತಿ ಎಲ್ಲ ಕ್ರಮಬದ್ಧ. ಆರು ತಿಂಗಳು ಕಳೆಯುವಷ್ಟರಲ್ಲಿ ಇನ್ನೊಂದು ಇಲಾಖೆ ಪೈಪು ಹಾಕಲು ಅದನ್ನೇ ಅಗೆಯುತ್ತದೆ. ಅದಕ್ಕೂ ಅನುಮತಿ ಪತ್ರವಿದೆ, ಶುಲ್ಕ ಕಟ್ಟಿದ ರಸೀದಿಯಿದೆ. ಎರಡು ಕಡತಗಳೂ ನನ್ನ ಮೇಜಿಗೆ ಬಂದಿದ್ದರೆ ಎರಡಕ್ಕೂ ಟಿಕ್ ಹಾಕಿ ಕಳಿಸುತ್ತಿದ್ದೆ. ಆದರೆ ಹಾಗೆ ಒಟ್ಟಿಗೆ ಬರುವುದೂ ಇಲ್ಲ. ಒಂದು ಕಡತ ಒಂದು ಇಲಾಖೆಯ ಆಡಿಟ್‌ಗೆ, ಇನ್ನೊಂದು ಮತ್ತೊಂದು ಇಲಾಖೆಯ ಆಡಿಟ್‌ಗೆ. ಎರಡನ್ನೂ ಒಟ್ಟಿಗೆ ನೋಡುವವರು ಆ ಬೀದಿಯ ಜನ ಮಾತ್ರ.

ಉತ್ತರ ಬೆಂಗಳೂರಿನಲ್ಲಿ ಈ ಅಗೆತಕ್ಕೆ ಕಾರಣವೂ ಇದೆ. 2007ರಲ್ಲಿ ಯಲಹಂಕ, ಬ್ಯಾಟರಾಯನಪುರ ಸೇರಿದಂತೆ ಏಳು ನಗರಸಭೆ, ಒಂದು ಪುರಸಭೆ, 110 ಹಳ್ಳಿಗಳನ್ನು ಬೆಂಗಳೂರು ಪಾಲಿಕೆಗೆ ಸೇರಿಸಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ (ಬಿಬಿಎಂಪಿ) ಮಾಡಿದರು. ಮನೆಗಳು ಮೊದಲೇ ಎದ್ದಿದ್ದವು, ರಸ್ತೆ ಆಮೇಲೆ ಬಂತು, ಒಳಚರಂಡಿ ಅದಕ್ಕೂ ಆಮೇಲೆ. ಆ ಹಳ್ಳಿಗಳಿಗೆ ಕಾವೇರಿ ಕೊಡಲೆಂದೇ ರೂಪಿಸಿದ, ದಿನಕ್ಕೆ 77.5 ಕೋಟಿ ಲೀಟರ್ ನೀರು ತರುವ ಐದನೇ ಹಂತದ ಯೋಜನೆ ಉದ್ಘಾಟನೆಯಾದದ್ದು 2024ರ ಅಕ್ಟೋಬರ್‌ನಲ್ಲಿ. ಹಾಗಾಗಿ ನಮ್ಮ ಕಡೆ ಅಗೆಯುವುದನ್ನು ತಪ್ಪಿಸುವಂತಿರಲಿಲ್ಲ. ಯಾವುದು ಮೊದಲು, ಯಾವುದು ಆಮೇಲೆ ಎಂಬುದನ್ನು ಮಾತ್ರ ಸರಿಪಡಿಸಬಹುದಿತ್ತು.

ನಾವು ಮಾಡಿದ್ದು ಸಣ್ಣ ಕೆಲಸ. ಡಾಂಬರಿನ ಪಟ್ಟಿಯಲ್ಲಿ ನಮ್ಮ ಬೀದಿಗಳ ಹೆಸರು ಬಂದ ಕೂಡಲೇ ಒಂದು ಹಾಳೆ ಸಿದ್ಧ ಮಾಡಿದೆವು. ಎಡಗಡೆ ಬೀದಿಗಳ ಹೆಸರು. ಮೇಲ್ಗಡೆ ನೀರು, ಒಳಚರಂಡಿ, ವಿದ್ಯುತ್, ಗ್ಯಾಸ್, ಕೇಬಲ್ ಎಂದು ಕಾಲಂಗಳು. ‘ಮುಂದಿನ ಎರಡು ವರ್ಷದಲ್ಲಿ ಇಲ್ಲಿ ನಿಮ್ಮ ಕೆಲಸ ಇದೆಯೇ?’ ಇದೊಂದೇ ಪ್ರಶ್ನೆ. ಹಾಳೆ ಹಿಡಿದು ಕಚೇರಿ ಕಚೇರಿ ತಿರುಗಿ ಸಹಿ ಕೇಳಿದೆವು. ‘ಇದನ್ನು ಕೇಳೋಕೆ ನೀವ್ಯಾರು?’ ಎಂದವರೂ ಇದ್ದರು, ಟೀ ತರಿಸಿದವರೂ ಇದ್ದರು. ಕೆಲವು ಬೀದಿಗಳ ಮುಂದೆ ‘ಇದೆ’ ಎಂದು ಬಂತು. ಆ ಬೀದಿಗಳನ್ನು ಪಟ್ಟಿಯಿಂದ ಕೆಳಗಿಳಿಸಿ, ಪೈಪಿನ ಕೆಲಸ ಮುಗಿದವನ್ನು ಮೇಲೆ ಹಾಕಿ ಎಂದು ಸಭೆಯ ನಡಾವಳಿಯಲ್ಲಿ ಬರೆಸಿದೆವು. ರಸ್ತೆ ಅಗೆತದ ಅರ್ಜಿಗಳನ್ನು ಒಂದೆಡೆ ತರುವ ಆನ್‌ಲೈನ್ ವ್ಯವಸ್ಥೆಯನ್ನು ಪಾಲಿಕೆ ಮಾಡಿದ್ದುಂಟು. ಆದರೆ ಅದು ಅರ್ಜಿ ಹಾಕಿದ ಕೆಲಸವನ್ನು ತೋರಿಸುತ್ತದೆ, ಇಂಜಿನಿಯರ್ ತಲೆಯಲ್ಲಿರುವ ಕೆಲಸವನ್ನಲ್ಲ. ಅದು ಗೊತ್ತಾಗಬೇಕಾದರೆ ಎದುರು ಹೋಗಿ ಕೂತು ಕೇಳಬೇಕು.

ಅದೇ ಓಡಾಟದಲ್ಲಿ, ಕಡಿಮೆ ದರ ಯಾವಾಗಲೂ ಉಳಿತಾಯವಲ್ಲ ಎಂಬುದೂ ಮನದಟ್ಟಾಯಿತು. ರೆಸಿಡೆನ್ಸಿ ರಸ್ತೆಯ ಕಡೆ ‘ಟೆಂಡರ್‌ಶ್ಯೂರ್’ ಮಾದರಿಯಲ್ಲಿ ರಸ್ತೆ ಮಾಡಿದಾಗ ಇಷ್ಟೊಂದು ಖರ್ಚೇಕೆ ಎಂದು ಕೂಗೆದ್ದಿತ್ತು. ಅಲ್ಲಿ ತಂತಿ, ಕೊಳವೆಗಳಿಗೆ ಕಾಲುದಾರಿಯ ಕೆಳಗೇ ದಾರಿ ಮಾಡಿದ್ದರಿಂದ ಡಾಂಬರು ಒಡೆಯುವ ಪ್ರಸಂಗ ಕಡಿಮೆ. ನಮ್ಮ ಅಗ್ಗದ ರಸ್ತೆಗೆ ಮೂರು ಸಲ ತೇಪೆ ಹಾಕಿದ ಖರ್ಚು ಬೇರೆ ಬೇರೆ ವರ್ಷದ, ಬೇರೆ ಬೇರೆ ಲೆಕ್ಕ ಶೀರ್ಷಿಕೆಯಲ್ಲಿ ಹಂಚಿಹೋಗಿರುತ್ತದೆ. ಅದನ್ನು ಕೂಡಿಸಿ ನೋಡುವ ಪದ್ಧತಿ ನಮ್ಮಲ್ಲಿಲ್ಲ.

ಹಗಲು ಉರಿಯುವ ದೀಪ

ಎರಡನೇ ಪಾಠ ಬೀದಿದೀಪದ್ದು. ನಮ್ಮ ಕಡೆ ಕೆಲವು ಬೀದಿಗಳಲ್ಲಿ ಮಟಮಟ ಮಧ್ಯಾಹ್ನವೂ ದೀಪ ಉರಿಯುತ್ತಿತ್ತು. 150 ವಾಟಿನ ಒಂದು ಸೋಡಿಯಂ ದೀಪ ಹಗಲಿನ 12 ಗಂಟೆ ಸುಮ್ಮನೆ ಉರಿದರೆ 1.8 ಯೂನಿಟ್. ಒಂದು ಸ್ವಿಚ್ ಬಾಕ್ಸಿಗೆ ಅಂಥ 40 ದೀಪಗಳಿದ್ದರೆ ದಿನಕ್ಕೆ 72 ಯೂನಿಟ್, ತಿಂಗಳಿಗೆ ಎರಡು ಸಾವಿರ ಯೂನಿಟ್‌ಗಿಂತ ಹೆಚ್ಚು. ದೂರು ಕೊಟ್ಟರೆ ಒಂದೆರಡು ದಿನ ಆರುತ್ತಿತ್ತು, ಮತ್ತೆ ಶುರು.

ಕಾರಣ ತಿಳಿದದ್ದು ಕಚೇರಿಯಲ್ಲಲ್ಲ, ಕಂಬದ ಕೆಳಗೆ. ದೀಪ ನೋಡಿಕೊಳ್ಳುವ ಹುಡುಗನೊಬ್ಬ ಸಿಕ್ಕಾಗ ಕೇಳಿದೆ: ‘ಏನಪ್ಪಾ, ಟೈಮರ್ ಇಲ್ವಾ ಇದಕ್ಕೆ?’

‘ಐತೆ ಮೇಡಂ. ಕರೆಂಟ್ ಹೋಗಿ ಬಂದಂಗೆಲ್ಲ ಅದು ಹಿಂದಕ್ಕೆ ಬೀಳ್ತದೆ. ಸಂಜೆ ಏಳೂವರೆ ಆದ್ರೂ ದೀಪ ಹತ್ತಲ್ಲ. ಆಗ ನಿಮ್ಮಂಥೋರೇ ಫೋನ್ ಮಾಡಿ ಬೈತೀರ. ಅದಕ್ಕೇ ಡೈರೆಕ್ಟ್ ಕೊಟ್ಟಿದೀನಿ. ಹಗಲು ಉರುದ್ರೆ ಯಾರೂ ಬೈಯಲ್ಲ.’

ಇಡೀ ಆಡಳಿತ ಶಾಸ್ತ್ರ ಆ ಕೊನೆಯ ಮಾತಿನಲ್ಲಿತ್ತು. ರಾತ್ರಿ ಕತ್ತಲಾದರೆ ಅವನಿಗೆ ಬೈಗುಳ. ಹಗಲು ಉರಿದರೆ ಬಿಲ್ಲು ಬೇರೆಲ್ಲೋ ಹೋಗುತ್ತದೆ, ಬೇರೆ ಯಾರೋ ಕಟ್ಟುತ್ತಾರೆ. ಸ್ವಿಚ್ ಒತ್ತುವವನಿಗೂ ಬಿಲ್ಲು ಕಟ್ಟುವವರಿಗೂ ಮುಖಪರಿಚಯವೇ ಇಲ್ಲ. ಪೋಲು ಮಾಡುವುದರಿಂದ ಅವನಿಗೆ ಲಾಭವಿಲ್ಲ, ಉಳಿಸುವುದರಿಂದಲೂ ಇಲ್ಲ.

ಆಮೇಲೆ ನಾವು ದೂರು ಕೊಡುವ ರೀತಿಯನ್ನೇ ಬದಲಾಯಿಸಿದೆವು. ‘ದೀಪ ಹಗಲು ಉರಿಯುತ್ತಿದೆ’ ಎಂದು ಬರೆಯುವ ಬದಲು, ಬೀದಿ ಬೀದಿ ಸುತ್ತಿ ಯಾವ ಬಾಕ್ಸಿಗೆ ಎಷ್ಟು ಕಂಬ, ಯಾವುದರ ಟೈಮರ್ ಕೆಟ್ಟಿದೆ ಎಂಬ ಪಟ್ಟಿ ಕೊಟ್ಟೆವು. ಪಕ್ಕದಲ್ಲಿ ತಿಂಗಳಿಗೆ ವ್ಯರ್ಥವಾಗುವ ಯೂನಿಟ್ ಎಷ್ಟೆಂದು ಬರೆದೆವು. ಸೂರ್ಯೋದಯ, ಸೂರ್ಯಾಸ್ತದ ಹೊತ್ತನ್ನು ತಾನೇ ಲೆಕ್ಕ ಹಾಕಿಕೊಳ್ಳುವ, ಕರೆಂಟ್ ಹೋದರೂ ಗಡಿಯಾರ ನಿಲ್ಲದ ಟೈಮರ್‌ಗಳು ಮಾರುಕಟ್ಟೆಯಲ್ಲಿವೆ. ಅದರ ಬೆಲೆಯನ್ನು ಆ ಯೂನಿಟ್ಟುಗಳ ಪಕ್ಕ ಇಟ್ಟಾಗ ಇಂಜಿನಿಯರಿಗೂ ಮೇಲಿನವರಿಗೆ ಟಿಪ್ಪಣಿ ಬರೆಯಲು ಒಂದು ಆಧಾರ ಸಿಕ್ಕಿತು. ಎಲ್ಲ ಬಾಕ್ಸುಗಳೂ ಸರಿಹೋಗಲಿಲ್ಲ, ಅರ್ಧಕ್ಕಿಂತ ಹೆಚ್ಚು ಸರಿಹೋದವು. ಅಧಿಕಾರಿಯ ಕೈಗೆ ಕೋಪ ಕೊಟ್ಟರೆ ಅವರು ಅದನ್ನು ಫೈಲ್ ಮಾಡುತ್ತಾರೆ. ಲೆಕ್ಕ ಕೊಟ್ಟರೆ ಅದನ್ನು ಮೇಲಕ್ಕೆ ಕಳಿಸುತ್ತಾರೆ.

ನೂರು ಕಿಲೋಮೀಟರ್ ಹತ್ತಿ ಬಂದ ನೀರು

ನೀರಿನ ಸೋರಿಕೆಗೆ ನಮ್ಮ ಸಭೆಗಳಲ್ಲಿ ಅಷ್ಟು ಗೌರವ ಇರಲಿಲ್ಲ. ಪೈಪಿನ ಜಾಯಿಂಟ್ ಸೋರಿದರೆ ‘ಕೆಸರಾಗ್ತಿದೆ’ ಎಂಬ ದೂರು ಬರುತ್ತಿತ್ತು, ‘ದುಡ್ಡು ಹೋಗ್ತಿದೆ’ ಎಂದು ಯಾರೂ ಹೇಳುತ್ತಿರಲಿಲ್ಲ. ಹೆಸರಘಟ್ಟದ ಕೆರೆಯಿಂದ 1890ರ ದಶಕದಲ್ಲಿ ಊರಿಗೆ ನೀರು ತಂದ ಕಾಲದಲ್ಲಿ ದೂರವೂ ಕಡಿಮೆ, ಏರೂ ಕಡಿಮೆ. ಇವತ್ತಿನ ಕಾವೇರಿ ಹಾಗಲ್ಲ. ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಯಿಂದ ಸುಮಾರು 100 ಕಿಲೋಮೀಟರ್ ದೂರ, ಸುಮಾರು 500 ಮೀಟರ್ ಎತ್ತರಕ್ಕೆ, ಹಂತ ಹಂತವಾಗಿ ಪಂಪ್ ಮಾಡಿ ತರಬೇಕು. ಶಾಲೆಯಲ್ಲಿ ಕಲಿತ ಭೌತಶಾಸ್ತ್ರದಿಂದಲೇ ಲೆಕ್ಕ ಹಾಕಬಹುದು: ಸಾವಿರ ಲೀಟರನ್ನು ಅಷ್ಟೆತ್ತರಕ್ಕೆ ಏರಿಸಲು ಏನೂ ನಷ್ಟವಾಗದಿದ್ದರೂ 1.36 ಯೂನಿಟ್ ವಿದ್ಯುತ್ ಬೇಕೇ ಬೇಕು. ಪಂಪು, ಪೈಪಿನ ನಷ್ಟ ಸೇರಿದರೆ ಇನ್ನೂ ಹೆಚ್ಚು. 2014ರಿಂದ 2025ರ ದರ ಏರಿಕೆಯವರೆಗೆ ಮನೆಗಳ ಮೊದಲ ಎಂಟು ಸಾವಿರ ಲೀಟರಿಗೆ ನಾವು ಕೊಡುತ್ತಿದ್ದದ್ದು ಸಾವಿರಕ್ಕೆ 7 ರೂಪಾಯಿ. ಆ 7 ರೂಪಾಯಿ ಕರೆಂಟಿಗೂ ಸಾಲುತ್ತಿರಲಿಲ್ಲ.

ಈ ಲೆಕ್ಕವನ್ನು ಸಭೆಯಲ್ಲಿ ಹೇಳಿದ ದಿನ ಸೋರಿಕೆಯ ಬಗ್ಗೆ ಮಾತು ಬದಲಾಯಿತು. ನಿಮಿಷಕ್ಕೆ ಒಂದೇ ಲೀಟರ್ ಸೋರುವ ಜಾಯಿಂಟ್ ತಿಂಗಳಿಗೆ 43 ಸಾವಿರ ಲೀಟರ್ ಮಣ್ಣುಪಾಲು ಮಾಡುತ್ತದೆ. ವಾಲ್ವ್‌ಮ್ಯಾನ್ ನೀರು ಬಿಡುವ ಹೊತ್ತಿನಲ್ಲಿ ಬೀದಿ ಸುತ್ತಿ ತೇವ ಕಂಡ ಜಾಗ ಗುರುತು ಹಾಕಿಕೊಳ್ಳಲು ಮನೆಗಳ ಹೆಂಗಸರೇ ಮುಂದೆ ಬಂದರು. ಯಾವ ತಿರುವಿನಲ್ಲಿ ಹಳೆಯ ಪೈಪ್ ಸತ್ತಿದೆ ಎಂಬುದು ನಕ್ಷೆಗಿಂತ ಆ ವಾಲ್ವ್‌ಮ್ಯಾನ್‌ಗೆ ಚೆನ್ನಾಗಿ ಗೊತ್ತಿತ್ತು. ಅಲ್ಲಿಯವರೆಗೆ ಅವನನ್ನು ಯಾರೂ ಸಭೆಗೆ ಕರೆದಿರಲಿಲ್ಲ.

ಒಂದು ಸಲ ದುಡ್ಡು ಕೊಟ್ಟ ನೀರನ್ನು ಎರಡು ಸಲ ಬಳಸುವುದು ಇನ್ನೊಂದು ಉಳಿತಾಯ. ಇದರಲ್ಲಿ ನಮ್ಮ ಭಾಗ ಊರಿಗೇ ಮೇಲ್ಪಂಕ್ತಿ. ಜಕ್ಕೂರು ಕೆರೆಯ ಬಳಿ ದಿನಕ್ಕೆ 1 ಕೋಟಿ ಲೀಟರ್ ಸಾಮರ್ಥ್ಯದಿಂದ ಶುರುವಾದ ಕೊಳಚೆ ಶುದ್ಧೀಕರಣ ಘಟಕವಿದೆ. ಅಲ್ಲಿ ಶುದ್ಧವಾದ ನೀರು ಜೌಗಿನ ಗಿಡಗಳ ನಡುವೆ ಹಾದು ಇನ್ನಷ್ಟು ತಿಳಿಯಾಗಿ ಕೆರೆ ಸೇರುತ್ತದೆ. ಯಲಹಂಕದ ಘಟಕದ ಶುದ್ಧೀಕರಿಸಿದ ನೀರು ವಿಮಾನ ನಿಲ್ದಾಣದವರೆಗೆ ಹೋಗಿದೆ. ಹೆಬ್ಬಾಳ-ನಾಗವಾರ ಕಣಿವೆಯ ನೀರು ಚಿಕ್ಕಬಳ್ಳಾಪುರದ ಕೆರೆಗಳನ್ನು ತುಂಬಿಸುತ್ತಿದೆ. 2024ರ ಮಾರ್ಚ್‌ನಲ್ಲಿ, ಬರದ ನಡುವೆ, ಕುಡಿಯುವ ನೀರಿನಲ್ಲಿ ಕಾರು ತೊಳೆದರೆ, ಕಟ್ಟಡ ಕಟ್ಟಿದರೆ 5,000 ರೂಪಾಯಿ ದಂಡ ಎಂದು ಜಲಮಂಡಳಿ ಆದೇಶಿಸಿದಾಗ, ಕಟ್ಟಡದವರು ಶುದ್ಧೀಕರಿಸಿದ ನೀರಿನ ಟ್ಯಾಂಕರ್ ಹುಡುಕತೊಡಗಿದರು. ನೀರು ಮೊದಲೂ ಇತ್ತು. ಅದನ್ನು ಕೇಳುವ ಅಗತ್ಯ ಹುಟ್ಟಿದ್ದು ಆಗ.

ಕಡತ ನೋಡುವುದು, ಕೆಲಸ ನೋಡುವುದು

ಮಾಹಿತಿ ಹಕ್ಕಿನ ಅರ್ಜಿ ಎಂದರೆ ನೂರೆಂಟು ಪ್ರಶ್ನೆ ಕೇಳುವುದು ಎಂದುಕೊಂಡವರು ಬಹಳ. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದ, 10 ರೂಪಾಯಿ ಶುಲ್ಕ. ಪ್ರತಿಗೆ ಪುಟಕ್ಕೆ 2 ರೂಪಾಯಿ. ಕಾಗದ ಕೇಳುವುದಕ್ಕಿಂತ ಒಳ್ಳೆಯ ದಾರಿ 2005ರ ಆ ಕಾಯ್ದೆಯಲ್ಲೇ ಇದೆ: ಕಡತವನ್ನು ಕೂತು ನೋಡುವ ಹಕ್ಕು, ಕೆಲಸವನ್ನೇ ಹೋಗಿ ಪರಿಶೀಲಿಸುವ ಹಕ್ಕು, ಬಳಸಿದ ಸಾಮಗ್ರಿಯ ಮಾದರಿ ಪಡೆಯುವ ಹಕ್ಕು.

ಮೋರಿಯ ಹೂಳೆತ್ತುವ ಕೆಲಸದಲ್ಲಿ ಇದರ ಉಪಯೋಗ ಕಂಡೆ. ಪ್ರತಿ ವರ್ಷ ಮಳೆಗಾಲಕ್ಕೆ ಮುಂಚೆ ಹೂಳು ತೆಗೆದು ಮೋರಿಯ ಪಕ್ಕದಲ್ಲೇ ಗುಡ್ಡೆ ಹಾಕುತ್ತಿದ್ದರು. ಮೊದಲ ಮಳೆಗೆ ಅರ್ಧ ಮತ್ತೆ ಒಳಗೆ. ಮುಂದಿನ ವರ್ಷ ಅದೇ ಮಣ್ಣಿಗೆ ಅದೇ ಬಿಲ್ಲು. ಎಸ್ಟಿಮೇಟ್ ತೆರೆದು ನೋಡಿದರೆ ಸಾಗಣೆಗೆ ಬೇರೆಯೇ ಐಟಂ ಇತ್ತು. ‘ಸಾಗಿಸಿದ ಜಾಗ ಯಾವುದು?’ ಎಂದು ಒಂದು ಸಾಲು ಕೇಳಿದೆವು. ಆ ವರ್ಷ ಲಾರಿ ಬಂತು.

ಕಸದ ಕಥೆಯೂ ಇದೇ. ಯಲಹಂಕದ ಸಮೀಪದ ಮಾವಳ್ಳಿಪುರದವರು ಊರಿನ ಕಸ ಹೊತ್ತು ಬಸವಳಿದು, 2012ರಲ್ಲಿ ಲಾರಿಗಳು ನಿಂತ ಮೇಲೆ ತಾನೇ ನಗರಕ್ಕೆ ಹಸಿ ಕಸ, ಒಣ ಕಸ ಬೇರೆ ಮಾಡಬೇಕೆಂಬ ಬುದ್ಧಿ ಬಂದದ್ದು? ಬೆರೆಸಿದ ಕಸಕ್ಕೆ ಸಾಗಿಸಲು ಒಮ್ಮೆ, ಹೂಳಲು ಒಮ್ಮೆ, ಅದರಿಂದ ಒಸರುವ ವಿಷದ ನೀರನ್ನು ಸಂಭಾಳಿಸಲು ಮತ್ತೊಮ್ಮೆ ಹಣ ಬೇಕು. ಬಾಗಿಲಲ್ಲೇ ಬೇರೆಯಾದರೆ ಒಣ ಕಸ ಮಾರಾಟವಾಗುತ್ತದೆ, ಹಸಿ ಕಸ ಗೊಬ್ಬರವಾಗುತ್ತದೆ.

ಒಂದು ಎಚ್ಚರಿಕೆಯನ್ನೂ ಹೇಳಬೇಕು. ಉಳಿತಾಯ ಎಂದ ಕೂಡಲೇ ಎಲ್ಲರ ಕಣ್ಣು ಬೀಳುವುದು ಕೆಳಗಿನವರ ಕೂಲಿಯ ಮೇಲೆ: ಪೌರಕಾರ್ಮಿಕರನ್ನು ಕಡಿಮೆ ಮಾಡಿ, ವಾಲ್ವ್‌ಮ್ಯಾನ್ ಒಬ್ಬನೇ ಸಾಕು, ರಿಪೇರಿ ಮುಂದಿನ ವರ್ಷ ನೋಡೋಣ. ಅದು ಉಳಿತಾಯವಲ್ಲ, ಮುಂದೂಡಿದ ಖರ್ಚು. ದೀಪದ ಪೋಲು, ನೀರಿನ ಪೋಲು ಎರಡನ್ನೂ ನಮಗೆ ತೋರಿಸಿಕೊಟ್ಟದ್ದು ಈ ಕೆಳಗಿನವರೇ. ಅವರನ್ನು ತೆಗೆದರೆ ಮುಂದಿನ ಸೋರಿಕೆ ತೋರಿಸುವವರು ಯಾರು?

2002ರಲ್ಲಿ ಜನಾಗ್ರಹ ಮತ್ತಿತರ ಸಂಸ್ಥೆಗಳು ‘ಪ್ರೂಫ್’ ಎಂಬ ಹೆಸರಿನಲ್ಲಿ, ಮಹಾನಗರ ಪಾಲಿಕೆ ಮೂರು ತಿಂಗಳಿಗೊಮ್ಮೆ ಜಮಾ-ಖರ್ಚು ಜನರ ಮುಂದಿಡಬೇಕೆಂದು ಕೇಳಿದ್ದವು. ಇನ್ನೂ ಒಂದು ಹೆಜ್ಜೆ ಮುಂದೆ ಹೋಗಬೇಕು ಎಂಬುದು ನನ್ನ ಅನುಭವ. ವಾರ್ಡಿನ ದೀಪದ ಬಿಲ್ಲು, ನೀರಿನ ಸೋರಿಕೆ, ಅಗೆತದ ತೇಪೆ, ಹೂಳಿನ ಸಾಗಣೆ ಇವೆಲ್ಲ ಒಂದೇ ಹಾಳೆಯಲ್ಲಿ ಬರಬೇಕು. ಉಳಿಸಿದ್ದರಲ್ಲಿ ಒಂದು ಪಾಲು ಅದೇ ವಾರ್ಡಿನ ಕಾಲುದಾರಿಗೋ ಅಂಗನವಾಡಿಗೋ ಉಳಿಯಬೇಕು. ಆಗ ಕಂಬದ ಕೆಳಗಿನ ಹುಡುಗನಿಂದ ಇಂಜಿನಿಯರ್‌ವರೆಗೆ ಎಲ್ಲರಿಗೂ ದೀಪ ಆರಿಸಲು ಒಂದು ಕಾರಣ ಇರುತ್ತದೆ. 2025ರ ಸೆಪ್ಟೆಂಬರ್‌ನಿಂದ ಬೆಂಗಳೂರು ಐದು ಪಾಲಿಕೆಗಳಾಗಿದೆ. ಯಲಹಂಕ ಈಗ ಬೆಂಗಳೂರು ಉತ್ತರದಲ್ಲಿದೆ. ಲೆಕ್ಕ ಒಂದಿಷ್ಟು ಹತ್ತಿರ ಬಂದಿದೆ. ಮತ ಕೇಳಿಕೊಂಡು ಗೇಟಿನ ಹತ್ತಿರ ಬರುವವರಿಗೆ ನಾನು ಕೇಳುವುದು ಒಂದೇ ಪ್ರಶ್ನೆ: ನಮ್ಮ ವಾರ್ಡಿನ ಬೀದಿದೀಪದ ಬಿಲ್ಲು ಹೋದ ತಿಂಗಳು ಎಷ್ಟು ಬಂತು? ಉತ್ತರ ಗೊತ್ತಿದ್ದವರನ್ನು ಒಳಗೆ ಕರೆದು ಕಾಫಿ ಕೊಡುತ್ತೇನೆ. ಗೊತ್ತಿಲ್ಲದವರಿಗೆ ತಿಳಿದುಕೊಂಡು ಬರಲು ಒಂದು ವಾರ ಸಮಯ ಕೊಡುತ್ತೇನೆ.