ಫೋನಿನಲ್ಲಿ ಅಂಗಡಿ: ನಮಗೆ ಯಾವುದು ಸರಿ?

ನಾವು ಸಂಘದ ಹೆಂಗಸರು. ಶೇಂಗಾ ಚಟ್ನಿಪುಡಿ ಮಾಡುತ್ತೇವೆ. ಸಂತೆಯಲ್ಲಿ ಮಾರುತ್ತೇವೆ. ಸಂತೆ ವಾರಕ್ಕೆ ಒಂದೇ ದಿನ. ಫೋನಿನಲ್ಲಿ ಮಾರಿದರೆ ದಿನವೂ ಸಂತೆ. ಆದರೆ ಎಲ್ಲಿ ಮಾರೋಣ? ಮೂರು ದಾರಿಗಳಿವೆ.

1. ವಾಟ್ಸಾಪ್
ವಾಟ್ಸಾಪ್ ಬಿಸಿನೆಸ್ ಆಪ್ 2018ರಲ್ಲಿ ಬಂತು. ಅದರಲ್ಲಿ ಪುಡಿಯ ಫೋಟೋ, ಬೆಲೆ ಹಾಕಬಹುದು. ಕಮಿಷನ್ ಇಲ್ಲ. ಆದರೆ ಗಿರಾಕಿಯನ್ನು ನಾವೇ ಹುಡುಕಬೇಕು. ಪಾರ್ಸೆಲ್ ನಾವೇ ಕಳಿಸಬೇಕು.

2. ದೊಡ್ಡ ಅಂಗಡಿ
ಅಮೆಜಾನ್, ಫ್ಲಿಪ್‌ಕಾರ್ಟ್, ಮೀಶೋ ಇಂಥವು. ಇವು ಜಾತ್ರೆ ಇದ್ದ ಹಾಗೆ. ಗಿರಾಕಿಗಳು ತಾವೇ ಬರುತ್ತಾರೆ. ಆದರೆ ಪಕ್ಕದಲ್ಲೇ ಹತ್ತಾರು ಮಂದಿ ಅದೇ ಪುಡಿ ಮಾರುತ್ತಾರೆ. ಕೆಲವು ಅಂಗಡಿಗಳು ಕಮಿಷನ್ ಹಿಡಿಯುತ್ತವೆ. ಹಣ ಕೆಲವು ದಿನ ಬಿಟ್ಟು ಬ್ಯಾಂಕಿಗೆ ಬರುತ್ತದೆ.

3. ನಮ್ಮದೇ ಹೆಸರಿನ ಅಂಗಡಿ
ಶಾಪಿಫೈನಂಥ ಕಂಪನಿಗಳು ಇದಕ್ಕೆ ಜಾಗ ಕೊಡುತ್ತವೆ. ಅದಕ್ಕೆ ಬಾಡಿಗೆ ಇದೆ. ಮಾರಿದರೂ ಕಟ್ಟಬೇಕು, ಮಾರದಿದ್ದರೂ ಕಟ್ಟಬೇಕು.

ಲೆಕ್ಕ ಹಾಕೋಣ
ಒಂದು ಪೊಟ್ಟಣದ ಬೆಲೆ 100 ರೂಪಾಯಿ ಎಂದು ಇಟ್ಟುಕೊಳ್ಳೋಣ.
ಸಾಮಾನು, ಪೊಟ್ಟಣ, ನಮ್ಮ ಕೂಲಿ: 60
ಕಮಿಷನ್: 10
ಸಾಗಾಣಿಕೆ: 40
ಒಟ್ಟು ಖರ್ಚು: 110
ಅಯ್ಯೋ! 10 ರೂಪಾಯಿ ಕೈಯಿಂದಲೇ ಹೋಯ್ತು!

ಎರಡು ಪೊಟ್ಟಣ ಕೂಡಿಸಿ ಒಂದೇ ಪಾರ್ಸೆಲ್ ಮಾಡೋಣ. ಸಾಗಾಣಿಕೆ ಅಷ್ಟೇ ಇದ್ದರೆ ಖರ್ಚು 180. ಬರುವುದು 200. ಈಗ 20 ರೂಪಾಯಿ ಲಾಭ.

ಅದಕ್ಕೇ, ಅಂಗಡಿ ಸೇರುವ ಮುಂಚೆ ಕೇಳೋಣ: ಕಮಿಷನ್ ಎಷ್ಟು? ಸಾಗಾಣಿಕೆ ಯಾರದು? ಮಾಲು ವಾಪಸ್ ಬಂದರೆ ಖರ್ಚು ಯಾರದು? ಹಣ ಯಾವಾಗ ಬರುತ್ತೆ? ಉತ್ತರ ಬರೆದಿಟ್ಟುಕೊಳ್ಳೋಣ. ಓದದೆ ಒಪ್ಪಿಗೆ ಕೊಡುವುದು ಬೇಡ.

ಮೊದಲು ವಾಟ್ಸಾಪಿನಲ್ಲಿ ಗುರುತಿನವರಿಗೆ ಮಾರೋಣ. ಕೈ ಕುದುರಲಿ. ಆಮೇಲೆ ಜಾತ್ರೆಗೆ ಹೋಗೋಣ. ಗಿರಾಕಿಗಳು ನಮ್ಮ ಹೆಸರು ಹೇಳಿ ಕೇಳುವಂತಾದಾಗ ಸ್ವಂತ ಅಂಗಡಿ.

ನೆನಪಿಡೋಣ
• ತಿನ್ನುವ ಪದಾರ್ಥ ಮಾರಲು ಎಫ್‌ಎಸ್‌ಎಸ್‌ಎಐ ನೋಂದಣಿ ಬೇಕು.
• 2023ರ ಅಕ್ಟೋಬರ್ 1ರಿಂದ ಸಣ್ಣ ವ್ಯಾಪಾರಿಗಳು ಜಿಎಸ್‌ಟಿ ನೋಂದಣಿ ಇಲ್ಲದೆಯೂ ತಮ್ಮ ರಾಜ್ಯದೊಳಗೆ ಇಂಥ ದೊಡ್ಡ ಅಂಗಡಿಗಳಲ್ಲಿ ಮಾರಬಹುದು. ಅದಕ್ಕೆ ಪ್ಯಾನ್ ಬೇಕು. ಜಿಎಸ್‌ಟಿಯವರಿಂದ ಒಂದು ದಾಖಲಾತಿ ಸಂಖ್ಯೆಯನ್ನೂ ಪಡೆಯಬೇಕು.
• ಹಣ ಪಡೆಯಲು ಯುಪಿಐ ಪಿನ್ ಒತ್ತಬೇಕಿಲ್ಲ. ಪಿನ್ ಒತ್ತಿದರೆ ಹಣ ಹೋಗುತ್ತದೆ. ಅದನ್ನು ಯಾರಿಗೂ ಹೇಳಬಾರದು.

ಉತ್ತರ ಬರೆಯಿರಿ
1. ಯಾವ ದಾರಿಯಲ್ಲಿ ಗಿರಾಕಿಯನ್ನು ನಾವೇ ಹುಡುಕಬೇಕು?
2. ಮೂರು ಪೊಟ್ಟಣ ಕೂಡಿಸಿ ಕಳಿಸಿದರೆ ಲಾಭ ಎಷ್ಟು? ಸಾಗಾಣಿಕೆ 50 ರೂಪಾಯಿ ಎಂದು ಲೆಕ್ಕ ಹಾಕಿ.
3. ನೀವು ಮಾಡುವ ಒಂದು ಪದಾರ್ಥದ ಹೆಸರು, ಖರ್ಚು, ಬೆಲೆ ಬರೆಯಿರಿ. ನಿಮ್ಮ ಕೂಲಿ ಮರೆಯಬೇಡಿ.